ತಡೀರಿ, ಇಳಿಯುತ್ತೆ

ಕಂಪ್ಯೂಟರ್ ಬಿಡಿಭಾಗ ಮಾರುವ ಅವನಿಗೆ ಅಕ್ಕಪಕ್ಕದ ಅಂಗಡಿಯವರು ಇಟ್ಟ ಹೆಸರು ತಡೀರಣ್ಣ. ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೊ ಸರಾಗವಾಗಿ ಓಡಿಸೋ ಗ್ರಾಫಿಕ್ಸ್ ಕಾರ್ಡಿನ ರೇಟು ಕೇಳಿಕೊಂಡು ಯಾರೇ ಬರಲಿ, "ಈಗ ಬೇಡ, ತಡೀರಿ, ಇಳಿಯುತ್ತೆ" ಅನ್ನೋನು. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸೋ ವ್ಯಾಪಾರಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಮದುವೆಯನ್ನೂ ಹೀಗೇ ಮುಂದೂಡಿ ಮುಂದೂಡಿ ತಲೆ ನರೆಸಿಕೊಂಡಿದ್ದ. ಸಂಜೆ ರೂಮಿಗೆ ಹೋದರೆ ಊಟ ಆಯ್ತಾ ಅಂತ ಕೇಳೋರಿಲ್ಲ.

ಆ ವರ್ಷ ಕಾರ್ಡುಗಳ ಬೆಲೆ ಗಗನಕ್ಕೇರಿತ್ತು. ಕ್ರಿಪ್ಟೊ ನಾಣ್ಯ ಹುಟ್ಟಿಸುವವರು ಹಗಲೂರಾತ್ರಿ ಲೆಕ್ಕ ಹಾಕಿಸೋಕೆ ಅವನ್ನೇ ಪೆಟ್ಟಿಗೆಗಟ್ಟಲೆ ಬಾಚಿಕೊಂಡಿದ್ದರು. ಕೆಳಗಿನ ಮಹಡಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದಾಕೆಗೂ ಒಂದು ಬೇಕಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ದಿನಾ ಬೆಳಗ್ಗೆ ಎರಡು ಲೋಟ ಚಹಾ ಹಿಡಿದು ಮೆಟ್ಟಿಲು ಹತ್ತಿ ಬರೋಳು.

"ಏನ್ರೀ, ಇಳೀತಾ?"

"ಇಲ್ಲ ಮೇಡಂ, ತಡೀರಿ."

ಆಮೇಲೆ ಚಹಾ ಆರುವ ತನಕ ಹರಟೆ. ಅವನ ಪಾಲಿಗೆ ದಿನ ಅಂದರೆ ಅಷ್ಟೇ.

ಒಮ್ಮೆ ಆ ನಾಣ್ಯದ ಬೆಲೆ ನೆಲಕಚ್ಚಿತು. ಬಾಚಿಕೊಂಡವರೇ ಕಾರ್ಡುಗಳನ್ನು ತಂದು ಸುರಿದರು, ರೇಟು ಅರ್ಧಕ್ಕರ್ಧ ಬಿತ್ತು. ಮರುದಿನ ಆಕೆ ಬಂದು ಕೇಳಿದಳು. ನಿಜ ಹೇಳಿದರೆ ಕೊಂಡುಕೊಳ್ಳುತ್ತಾಳೆ, ಆಮೇಲೆ ಮೆಟ್ಟಿಲು ಹತ್ತೋಕೆ ಇವಳಿಗೇನು ಕೆಲಸ? ಪುಣ್ಯಾತ್ಮ ಸುಳ್ಳು ಹೇಳಿಬಿಟ್ಟ.

"ಇನ್ನೂ ಇಲ್ಲ ಮೇಡಂ."

ಅವಳು ಅವನ ಮುಖ ನೋಡಿದಳು, ಚಹಾ ಕುಡಿದು ಕೆಳಗಿಳಿದು ಹೋದಳು. ಮರುದಿನವೂ ಬಂದಳು, ಅದರಾಚೆ ದಿನವೂ ಬಂದಳು. ಬರುತ್ತಲೇ ಇದ್ದಳು.

ಅಷ್ಟರಲ್ಲಿ ಎಐ ಕಂಪನಿಗಳು ಕಾರ್ಡಿನೊಳಗಿನ ಚಿಪ್‌ಗೆ ಮುಗಿಬಿದ್ದವು. ಚಿಪ್ ಮಾಡೋ ಕಾರ್ಖಾನೆಗಳು ದೊಡ್ಡವರಿಗೇ ಮೊದಲು ಬಡಿಸಿದವು, ಚಿಲ್ಲರೆ ಅಂಗಡಿಯ ಕಾರ್ಡು ಮತ್ತೆ ಮೇಲೇರಿತು. ತಡೀರಣ್ಣನ ಸುಳ್ಳು ನಿಜವಾಯಿತು, ಅವನಿಗೆ ಮಾತ್ರ ನೆಮ್ಮದಿ ಇಲ್ಲ. ಹಳೇ ಕಂಪ್ಯೂಟರಿನಲ್ಲಿ ಅವಳ ಕೆಲಸ ಹಿಂದೆ ಬೀಳುತ್ತಿದೆಯಲ್ಲ!

ಒಂದು ಬೆಳಗ್ಗೆ ಅವಳು ರೇಟು ಕೇಳಲಿಲ್ಲ.

"ಸ್ಟುಡಿಯೊ ಮುಚ್ಚಿ ತಮ್ಮೂರಿಗೆ ಬಾ ಅಂತಿದ್ದಾನೆ ನಮ್ಮಣ್ಣ. ಇಲ್ಲಿ ಯಾರಿದ್ದಾರೆ ಅಂತ ಇರಲಿ? ನೀವೇನಂತೀರಿ?"

ಬಾಯಿಬಿಟ್ಟರೆ ತಡೀರಿ ಅನ್ನೋ ಮನುಷ್ಯ! ನಾಲಗೆ ತುದೀಲೇ ಇತ್ತು. ಆದರೆ ಇವಳ ಅನ್ನಕ್ಕೆ ಕಲ್ಲು ಹಾಕಿದವನೇ ನಾನು, ಯಾವ ಮುಖ ಇಟ್ಟುಕೊಂಡು ಇರಿ ಅನ್ನಲಿ ಅಂತ ನುಂಗಿಕೊಂಡ.

"ಹೋಗಿಬನ್ನಿ ಮೇಡಂ," ಅಂದ.

ಅವಳು ಹೋದಳು.

ವಾರ ಕಳೆದು ಅವಳ ಅಣ್ಣ ಸ್ಟುಡಿಯೊದ ಕಂಪ್ಯೂಟರ್ ಹೊತ್ತು ತಂದ, ಮಾರಿಕೊಡಿ ಅಂತ. ತಡೀರಣ್ಣ ಮುಚ್ಚಳ ಬಿಚ್ಚಿದ. ಒಳಗೆ ಅವಳು ದಿನಾ ಕೇಳುತ್ತಿದ್ದ ಅದೇ ಕಾರ್ಡು! ಎದುರಂಗಡಿಯ ಸ್ಟಿಕ್ಕರ್, ಫ್ಯಾನಿನ ಮೇಲೆ ಬೆರಳು ಹೂತುಹೋಗುವಷ್ಟು ಧೂಳು.

"ಇದನ್ನ ಯಾವಾಗ ತೊಗೊಂಡ್ರು?"

"ಅಯ್ಯೋ, ಹೋದ ವರ್ಷ ರೇಟು ಬಿತ್ತಲ್ಲ, ಅದೇ ವಾರ. ಈಗ ಮತ್ತೆ ಏರಿದೆಯಂತಲ್ಲ, ಬಿಚ್ಚಿಕೊಳ್ಳಿ. ಇಳಿಯೋಕೆ ಮುಂಚೆ ಮಾರಿಬಿಡೋಣ."

ಎಲ್ಲ ಗೊತ್ತಿದ್ದೂ ಅವಳು ದಿನಾ ಮೆಟ್ಟಿಲು ಹತ್ತಿ ಬಂದಿದ್ದಳು. ತಡೀರಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ಮುಚ್ಚಳ ಮತ್ತೆ ಮುಚ್ಚಿದ.

"ತಡೀರಿ," ಅಂದ. ಅವಳಿಗೆ ಹೇಳಬೇಕಿದ್ದ ಮಾತನ್ನು ಅವಳ ಅಣ್ಣನಿಗೆ ಹೇಳಿದ.