ಮೇಷ್ಟ್ರು ನುಂಗಿಕೊಂಡ ‘ಬುಡು’

ನಮಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ನಿಂಗರಾಜು ಮೇಷ್ಟ್ರ ಬಾಯಲ್ಲಿ ‘ಬುಡು’ ಇಲ್ಲದ ವಾಕ್ಯ ಹುಡುಕುವುದು ಕಷ್ಟವಿತ್ತು. ಟೀ ತಣ್ಣಗಾಗಿದ್ದರೆ “ಇರ್ಲಿ ಬುಡು”, ಮಳೆ ಬಂದು ಹಾರಾಟ ನಿಂತರೆ “ನಾಳೀಕೆ ಆಯ್ತದೆ ಬುಡು”. ಸಾಲಿಗ್ರಾಮದವರು, ಇನ್ನು ಹೇಗೆ ಮಾತಾಡಿಯಾರು? ಆದರೆ ವಿಮಾನದ ಬಾಗಿಲು ಮುಚ್ಚಿದರೆ ಸಾಕು, ಆ ಮಾತು ಮಾಯ. ಅಭ್ಯಾಸಬಲದಿಂದ “ಇರ್ಲಿ ಬು...” ಎಂದು ಅರ್ಧ ಹೊರಬಂದರೂ ತುಟಿ ಕಚ್ಚಿ ನುಂಗಿಕೊಳ್ಳುತ್ತಿದ್ದರು. ಜೊತೆಯ ವಿದ್ಯಾರ್ಥಿಗಳು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅವರು ಅದನ್ನು ಬಿಟ್ಟದ್ದು ನನ್ನ ದೆಸೆಯಿಂದ.

ಮೈಸೂರಿನ ಹೊರಗಿದ್ದ ಹಾರಾಟದ ಶಾಲೆಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದದ್ದು ಒಂದು ಷರತ್ತಿನ ಮೇಲೆ. ಕೆ.ಆರ್. ನಗರದ ಹತ್ತಿರ ಗದ್ದೆ ಮಾಡಿಸುವ ಅಪ್ಪನಿಗೆ ಮಗಳು ಪೈಲಟ್ ಆಗುತ್ತೇನೆಂದರೆ ಅರ್ಧ ಹೆಮ್ಮೆ, ಪೂರ್ತಿ ಭಯ. “ಒಂದ್ ದಿನ ಓಗಿ ಮ್ಯಾಲೆ ಸುತ್ತಾಕ್ಕೊಂಡು ಬಾ. ವಸಿ ಎಚ್ಚುಕಮ್ಮಿ ಆಯ್ತೋ, ಅಲ್ಲಿಗೆ ಮುಗೀತು. ಆಮೇಲೆ ಆ ಮಾತು ಎತ್ತಂಗಿಲ್ಲ” ಎಂದಿದ್ದರು.

ಷೆಡ್ಡಿನಲ್ಲಿ ಎರಡು ವಿಮಾನಗಳಿದ್ದವು. ಒಂದು ಥಳಥಳಿಸುವ ಹೊಸದು, ಮುಂದೆಲ್ಲ ಟಿವಿಯಂಥ ಪರದೆಗಳು, ರೆಕ್ಕೆ ಸೀಟಿನ ಕೆಳಗೆ. ಇನ್ನೊಂದು ನೀಲಿ ಪಟ್ಟೆ ಮಾಸಿದ ಹಳೆಯದು, ರೆಕ್ಕೆ ತಲೆಯ ಮೇಲೆ. ನಾನು ನೆಟ್ಟಗೆ ಹೊಸದರ ಪಕ್ಕ ಹೋಗಿ ನಿಂತೆ. ಕ್ಯಾಪ್ಟನ್ ಅಂದರೆ ಮುಜುಗರಪಟ್ಟುಕೊಳ್ಳುವ, ಜೇಬಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಆ ದಪ್ಪ ಮನುಷ್ಯರೇ ನಿಂಗರಾಜು ಮೇಷ್ಟ್ರು. ನನ್ನನ್ನು ಎರಡರಲ್ಲೂ ಕೂರಿಸಿದರು. “ಕಾಲು ಪೆಡಲ್‌ಗೆ ಎಟುಕ್ತದಾ? ಮುಂದೆ ಕಾಣ್ತದಾ?” ಹೊಸದರಲ್ಲಿ ನಾನು ಕತ್ತು ಉದ್ದ ಮಾಡಬೇಕಾಯಿತು.

“ಈ ಒಸದು ಬೋ ಚುರುಕು. ತಪ್ಪು ಮಾಡಿದ್ರೆ ಕಪಾಳಕ್ಕೇ ಒಡೀತದೆ. ಕಲಿಯಾಕೆ ಬೇಕಾದ್ದು ಬಯ್ಯೋ ವಿಮಾನ ಕಣವ್ವ, ಒಡೆಯೋ ವಿಮಾನ ಅಲ್ಲ. ಅದೂ ಅಲ್ದೆ ರೆಕ್ಕೆ ಮ್ಯಾಲಿದ್ರೆ ಕೆಳಗಲ ಊರು ಕಾಣ್ತದೆ. ಪರದೆ ನೋಡಾಕಾ ನೀನು ಬಂದಿರೋದು?” ಎಂದರು. ಮುಖ ಊದಿಸಿಕೊಂಡೇ ಹಳೆಯದನ್ನು ಹತ್ತಿದೆ.

ವಿಮಾನ ನಡೆಸುವ ಹಿಡಿಕೆ ಇಬ್ಬರ ಮುಂದೆಯೂ ಒಂದೊಂದು. ಅದರ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಬಾಯಿಬಿಟ್ಟು ಹೇಳಬೇಕೆಂಬುದು ಆ ವಿದ್ಯೆಯ ನಿಯಮ. ಅದಕ್ಕೆ ಇಂಗ್ಲಿಷಿನ ಮಾತಿದ್ದರೂ ಮೇಷ್ಟ್ರು ನನಗೆ ಕನ್ನಡದಲ್ಲೇ ಹೇಳಿಕೊಟ್ಟಿದ್ದರು: “ನಂದು”, “ನಿಂದು”. ಬಿಳಿಕೆರೆ ದಾಟಿ ಹುಣಸೂರಿನ ಕಡೆ ತಿರುಗಿದಾಗ “ನಿಂದು” ಎಂದರು. ತುಂಬಿದ ಬಿಂದಿಗೆ ಹಿಡಿದಂತೆ ನಾನು ಹಿಡಿಕೆಯನ್ನು ಬಿಗಿಯಾಗಿ ಎಳೆದುಕೊಂಡೆ. ಮೂತಿ ಮೇಲೆದ್ದಿತು, ಎಲ್ಲೋ ಒಂದು ಎಚ್ಚರಿಕೆಯ ಪೀಪಿ ಕೂಗಿತು. ಮೇಷ್ಟ್ರು ತಮ್ಮ ಕಡೆಯ ಹಿಡಿಕೆಯನ್ನು ಎರಡು ಬೆರಳಲ್ಲಿ ತಳ್ಳಿ ಸರಿಮಾಡಿದರು.

“ನೋಡು, ಬಯ್ತು.”

“ತಪ್ಪಾಯ್ತು ಸಾರ್.”

“ಇರ್ಲಿ ಬುಡು.”

ಬಿಟ್ಟೆ. ಎರಡೂ ಕೈ ಬಿಟ್ಟೆ.

ಆಮೇಲೆ ನಾನು ಕೆಳಗಿನ ಹೊಗೆಸೊಪ್ಪಿನ ಹೊಲ ನೋಡುತ್ತಾ ಕೂತೆ. ಮೇಷ್ಟ್ರು ಆ ಕಡೆಯಿಂದ ಬೇರೆ ವಿಮಾನ ಬರುತ್ತಿದೆಯೇ ಎಂದು ತಮ್ಮ ಕಿಟಕಿಯಲ್ಲಿ ನೋಡುತ್ತಿದ್ದರು. ಹಳೆಯ ವಿಮಾನ ತನ್ನ ಪಾಡಿಗೆ ತಾನು ನೆಟ್ಟಗೆ ಹೋಗುತ್ತಿತ್ತು. ಮೇಷ್ಟ್ರು ಈ ಕಡೆ ತಿರುಗಿದವರು ಮಡಿಲಲ್ಲಿದ್ದ ನನ್ನ ಕೈಗಳನ್ನು ಕಂಡರು.

“ಯಾರವ್ವ ಓಡಿಸ್ತಿರೋದು?”

“ನೀವಲ್ವಾ? ಬುಡು ಅಂದ್ರಲ್ಲ.”

ಅವರ ಮುಖದ ಬಣ್ಣ ಹೋಯಿತು. “ನಂದು” ಎಂದು ಹಿಡಿಕೆ ಹಿಡಿದವರು ವಿಮಾನವನ್ನು ನೇರ ಮೈಸೂರಿನ ಕಡೆ ತಿರುಗಿಸಿದರು.

ಕೆಳಗೆ ಅಪ್ಪ ಕಾಯುತ್ತಿದ್ದರು. “ಚೆನ್ನಾಗಿತ್ತು” ಎಂದು ಮುಗಿಸುವ ಅವಸರ ನನಗೆ. ಮೇಷ್ಟ್ರು ಬಿಡಬೇಕಲ್ಲ. “ಗೌಡ್ರೆ, ವಸಿ ಒತ್ತು ವಿಮಾನ ಯಾರ ಕೈಯಾಗೂ ಇರ್ನಿಲ್ಲ. ತಪ್ಪು ನಂದು. ನಾನು ಸಮಾಧಾನಕ್ಕೆ ಬುಡು ಅಂದೆ, ನಿಮ್ಮ ಮಗಳು ಏಳಿದಂಗೆ ಬುಟ್ಟವ್ಳೆ. ಇನ್ಮ್ಯಾಲೆ ಒಳಗೆ ಆ ಮಾತು ಆಡಕಿಲ್ಲ.” ಅವರ ಬಾಯಿ ಮುಚ್ಚಿಬಿಡಬೇಕು ಅನ್ನಿಸಿತು. ಇಂಥ ಹಾಳು ಸತ್ಯ ಯಾರಿಗೆ ಬೇಕಿತ್ತು? ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಪ್ಪ ಮೇಷ್ಟ್ರ ಮುಖ ನೋಡಿದರು. “ನೀವು ಏಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ನಿಲ್ಲ” ಎಂದರು. ಮತ್ತೆ ನನ್ನ ಕಡೆ ತಿರುಗಿ, “ಇವರತ್ರ ಆದ್ರೆ ಕಲಿ ಬುಡು” ಎಂದರು.

ಐವತ್ತು ದಾಟಿದ ಮನುಷ್ಯ, ಹುಟ್ಟಿದಾರಭ್ಯ ಆಡಿದ ಮಾತನ್ನು ಯಾವಳೋ ಹುಡುಗಿ ತಪ್ಪು ತಿಳಿದಳೆಂದು ವಿಮಾನದೊಳಗೆ ಬಿಟ್ಟುಬಿಟ್ಟರು. ನಾನು ಕಲಿತು ಮುಗಿಸುವವರೆಗೂ ಅದನ್ನು ನಡೆಸಿದರು. ಅವರನ್ನು ನೆನೆದರೆ ಈಗಲೂ ನನಗೆ ತಲೆಬಾಗಬೇಕು ಅನ್ನಿಸುತ್ತದೆ.

ನನಗೆ ಲೈಸೆನ್ಸ್ ಬರುವ ಹೊತ್ತಿಗೆ ವೈದ್ಯರ ತಪಾಸಣೆಯಲ್ಲಿ ಮೇಷ್ಟ್ರ ಹೃದಯ ಪಾಸಾಗಲಿಲ್ಲ. ಹಾರಿಸುವುದು ನಿಂತಿತು, ಆಮೇಲೆ ಬಹಳ ದಿನ ಅವರೂ ಉಳಿಯಲಿಲ್ಲ. ಕೊನೆಯ ಸಲ ಅವರನ್ನು ಕಂಡದ್ದು ಅದೇ ಹಳೆಯ ವಿಮಾನದಲ್ಲಿ. ಪ್ರಯಾಣಿಕರಾಗಿ ಕೂರಿಸಿಕೊಂಡು ಅವರ ಊರ ಮೇಲೆ ಹೋಗಿದ್ದೆ. ಕಾವೇರಿ ಕಂಡಿತು, ಸಾಲಿಗ್ರಾಮ ಕಂಡಿತು. ಮೇಷ್ಟ್ರ ಕೈ ಮಡಿಲಲ್ಲಿತ್ತು, ಬೆರಳುಗಳು ಮಾತ್ರ ಹಿಡಿಕೆ ಹಿಡಿದಂತೆ ಆಡುತ್ತಿದ್ದವು. ನೋಡಲಾರದೆ, “ನಿಮ್ದಾ ಮೇಷ್ಟ್ರೆ?” ಎಂದು ಕೇಳಿದೆ.

ಹಿಡಿಕೆಯನ್ನೊಮ್ಮೆ ನೋಡಿದರು. ಹೊರಗೆ ನೋಡಿದರು. “ಬ್ಯಾಡ ಬುಡು” ಎಂದರು.

ಆ ಮೊದಲ ದಿನದ ಮೇಲೆ ವಿಮಾನದೊಳಗೆ ಅವರ ಬಾಯಲ್ಲಿ ಆ ಮಾತು ಪೂರ್ತಿ ಕೇಳಿದ್ದು ಅದೊಂದೇ ಸಲ. ನಾನು ಕೈ ಬಿಡಲಿಲ್ಲ.