ಮಂಗಲ ಕಾರ್ಯಾಲಯದ ಮೆಟ್ಟಿಲ ಮೇಲಿನ ಆಯಿ

ಕೌದಿ ಆಯಿಯ ಮುಂದಿನ ಹಲ್ಲಿನಲ್ಲಿ ದಾರ ಕೂರುವಷ್ಟು ಒಂದು ಕಚ್ಚು ಇತ್ತು. ಹೊಲಿಗೆಯ ದಾರವನ್ನು ವರ್ಷಾನುಗಟ್ಟಲೆ ಅಲ್ಲೇ ಇಟ್ಟು ಕಡಿದು ಬಿದ್ದ ಕಚ್ಚು ಅದು. ಕತ್ತರಿ ಮಗ್ಗುಲಲ್ಲೇ ಬಿದ್ದಿದ್ದರೂ ಮುಟ್ಟುತ್ತಿರಲಿಲ್ಲ. ಸಿಟ್ಟು ಬಂದಾಗ ನಾಲಿಗೆಯ ತುದಿಯಿಂದ ಆ ಕಚ್ಚನ್ನು ಸವರುತ್ತ ಸುಮ್ಮನೆ ಕೂರುತ್ತಿದ್ದಳು. ಅದನ್ನು ಕಂಡರೆ ಓಣಿಯ ಗಂಡಸರು ಕೂಡ ಮಾತು ಬದಲಿಸುತ್ತಿದ್ದರು.

ನನ್ನ ತವರೂರು ಹಿಪ್ಪರಗಿಯಿಂದ ಕೆಳಗೆ, ಕೃಷ್ಣಾ ಹೊಳೆಯ ದಂಡೆಗೆ ಇದೆ. ನಮ್ಮದು ಹೊಳೆ ಓಣಿ, ನೀರು ಏರಿದರೆ ಮೊದಲು ನಮ್ಮ ಹೊಸ್ತಿಲಿಗೇ ಬರುತ್ತದೆ. ಆಯಿ ನಮ್ಮ ಪಕ್ಕದ ಮನೆಯವಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದು ಆಕೆಯ ಉದ್ಯೋಗ. ಊರಿನ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಅದು ಮೊದಲು ಮಲಗುತ್ತಿದ್ದದ್ದು ಆಯಿಯ ಕೌದಿಯ ಮೇಲೆ. ಕೊನೆಯ ಅಂಚು ಮುಚ್ಚುವ ಮುನ್ನ ನಾಲ್ಕು ಕಾಳು ಜೋಳ ಒಳಗೆ ಹಾಕುತ್ತಿದ್ದಳು. ಹೊಟ್ಟೆ ಖಾಲಿ ಇದ್ದ ಕೌದಿ ಮೈ ಬೆಚ್ಚಗೆ ಮಾಡುವುದಿಲ್ಲ ಎಂದು ಆಕೆಯ ನಂಬಿಕೆ.

ಆಕೆಯ ಮನೆಯ ಬಾಗಿಲ ಹಿಂದಿನ ಗೂಟಕ್ಕೆ ಒಂದು ಸುರುಳಿ ಸದಾ ತೂಗುತ್ತಿತ್ತು. ಒಂದು ತೆಳ್ಳನೆಯ ಕೌದಿ, ಮಳೆಗೆ ಮರೆ ಕಟ್ಟುವ ಒಂದು ತಾಡಪತ್ರಿ, ಗೊಬ್ಬರದ ಖಾಲಿ ಚೀಲಗಳು, ಒಂದು ಮಾರು ಹಗ್ಗ, ಎಲ್ಲ ಸೇರಿ ಬಗಲಲ್ಲಿ ಹಿಡಿಯುವಷ್ಟು. ಹಿಂದೊಮ್ಮೆ ಹೊಳೆ ಬಂದಾಗ ಬರಿಗೈಯಲ್ಲಿ ಓಡಿಹೋಗಿ ರಾತ್ರಿಯಿಡೀ ನಡುಗಿದ ಮೇಲೆ ಕಟ್ಟಿಟ್ಟದ್ದು. ಆಯಿ ಯಾವಾಗ ಕಾಶಿಗೆ ಹೊರಡುತ್ತಾಳೆ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅಳತೆ ಮಾತ್ರ ಇಬ್ಬರಿಗೇ, ತನಗೆ ಮತ್ತು ತನ್ನ ಮುದುಕನಿಗೆ. ಆ ಮುದುಕನನ್ನು ನಾವೆಲ್ಲ ಮುತ್ಯಾ ಎನ್ನುತ್ತಿದ್ದೆವು. ಅವನಿಗೆ ದಮ್ಮು, ತಂಡಿ ತಡೆಯುತ್ತಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ನಾನು ಹೆರಿಗೆಗೆಂದು ಮುಧೋಳದಿಂದ ತವರಿಗೆ ಬಂದಿದ್ದೆ. ಮಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹೊತ್ತು ಮುಳುಗುವಾಗ ನೀರು ಓಣಿಯೊಳಗೆ ಬಂತು. ಸುರಿಯುವ ಮಳೆಯಲ್ಲಿ ಓಣಿಯ ಮಂದಿಯೆಲ್ಲ ದಿಬ್ಬದ ಮೇಲಿನ ಮಂಗಲ ಕಾರ್ಯಾಲಯಕ್ಕೆ ನಡೆದೆವು. ಮದುವೆಗಳಿಗೆಂದು ಊರ ಮಂದಿಯೆಲ್ಲ ಪಟ್ಟಿ ಕೊಟ್ಟು, ತಮ್ಮ ದುಡ್ಡಿನಿಂದಲೇ ಕಟ್ಟಿದ ಕಟ್ಟಡ ಅದು. ಬಾಗಿಲಿಗೆ ಕೀಲಿ ಬಿದ್ದಿತ್ತು. ಕೀಲಿಕೈ ಇದ್ದದ್ದು ಕಮಿಟಿಯ ಅಧ್ಯಕ್ಷನ ಹತ್ತಿರ, ಅವನ ಮನೆ ಎದುರಿಗೇ. ಅವನ ಹೆಸರನ್ನು ನಾನು ಬರೆಯುವುದಿಲ್ಲ. ಅಷ್ಟು ಮರ್ಯಾದೆಯೂ ಅವನಿಗೆ ನನ್ನಿಂದ ಸಿಗಬಾರದು.

ಅವನು ಛತ್ರಿ ಹಿಡಿದು ಕಟ್ಟೆಯ ಮೇಲೆ ಬಂದು ನಿಂತ. ಹೊಸದಾಗಿ ಬಣ್ಣ ಬಳಿದಿದೆ, ನೆಲಕ್ಕೆ ಜಾಜಮು ಹಾಸಿದೆ, ಸರಕಾರದವರು ಬಂದು ಹೇಳುವತನಕ ತೆಗೆಯಲು ಬರುವುದಿಲ್ಲ ಎಂದ. ನಮ್ಮಪ್ಪ ಕೈಮುಗಿದು, ಹಸಿ ಬಾಣಂತಿ ಇದ್ದಾಳೆ, ಅವಳೊಬ್ಬಳನ್ನಾದರೂ ಒಳಗೆ ಬಿಡಿ ಎಂದು ಕೇಳಿಕೊಂಡ. ಆಗ ಅವನು ನನ್ನ ಮುಖ ಕೂಡ ನೋಡದೆ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ.

"ಮಂಗಲ ಕಾರ್ಯ ನಡಿಯೂ ಜಾಗಾರೀ ಇದು. ಮೈಲಿಗಿ ಇದ್ದಾಕಿನ್ನ ಹೆಂಗ ಒಳಗ ಬಿಡ್ಲಿ? ಮುಂಜಾನಿ ನೋಡೂಣು."

ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಲವರು ಗುಡಿಯ ಕಡೆಗೆ ಹೋದರು, ಅಲ್ಲಿ ಆಗಲೇ ನಿಲ್ಲಲೂ ಜಾಗವಿರಲಿಲ್ಲ. ಬಗಲಲ್ಲಿ ಸುರುಳಿ ಹಿಡಿದಿದ್ದ ಆಯಿ ನನ್ನನ್ನೂ ಮುತ್ಯಾನನ್ನೂ ಕಾರ್ಯಾಲಯದ ಮಗ್ಗುಲ ಗೋಡೆಯ ಮರೆಗೆ ಕರೆದೊಯ್ದಳು. ಅಲ್ಲಿ ಯಾರದೋ ರವದಿಯ ಬಣವೆ ಇತ್ತು. ಕಬ್ಬಿನ ಒಣಗಿದ ಸೋಗೆ, ಮೇಲೆಲ್ಲ ತೊಯ್ದು ತೊಪ್ಪೆಯಾಗಿತ್ತು. ಆಯಿ ಭುಜದವರೆಗೆ ಕೈ ತೂರಿಸಿ ಒಳಗಿನ ಒಣ ರವದಿಯನ್ನು ಎಳೆದೆಳೆದು ಗೊಬ್ಬರದ ಚೀಲಗಳಲ್ಲಿ ತುಂಬಿದಳು. ಮೈ ಮೇಲೆ ಎಷ್ಟು ಹೊದ್ದರೂ ಕೆಳಗಿನ ನೆಲ ಬಿಸಿಯನ್ನು ಹೀರಿಬಿಡುತ್ತದೆ, ಮೊದಲು ಕೆಳಗೆ ಹಾಸಬೇಕು ಎನ್ನುತ್ತ ಆ ಚೀಲಗಳ ಮೇಲೆ ನನ್ನನ್ನು ಕೂರಿಸಿದಳು. ತಾಡಪತ್ರಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ಅಂಚನ್ನು ಕಲ್ಲು ಹೇರಿ ನೆಲಕ್ಕೆ ಇಳಿಸಿದಳು. ಕುಳಿತರೆ ತಲೆ ತಾಗುವಷ್ಟೇ ಎತ್ತರ. ಗಾಳಿ ಬಾರದ ಬದಿಗೆ ಒಂದು ಗೇಣು ಬಾಯಿ ಬಿಟ್ಟಳು. ಪೂರಾ ಮುಚ್ಚಿದರೆ ನಮ್ಮ ಉಸಿರಿನಿಂದಲೇ ಒಳಗೆಲ್ಲ ತೊಯ್ಯುತ್ತದಂತೆ. ನನ್ನ ಒದ್ದೆ ಸೀರೆ ಬಿಚ್ಚಿಸಿ, ಕೂಸನ್ನು ನನ್ನ ಬರಿ ಎದೆಗೆ ಆನಿಸಿ, ಇಬ್ಬರಿಗೂ ಕೂಡಿಸಿ ಕೌದಿ ಸುತ್ತಿದಳು.

ಆ ಕೌದಿ ಮುತ್ಯಾನದು. ಸುತ್ತುವ ಮುನ್ನ ಆಯಿಯ ಕೈ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ಮುತ್ಯಾನೂ ನೋಡಿದ.

"ಕೂಸಿಗಿ ಸುತ್ತಲೇ, ನನ್ನ ಮಾರಿ ಏನ್ ನೋಡ್ತಿ," ಎಂದ.

ಬೆಳಗಾಗುವವರೆಗೆ ಅವನು ಒಂದು ಚೀಲ ಹೊದ್ದುಕೊಂಡು, ತಾಡಪತ್ರಿಯ ಬಾಯಿಗೆ ಬೆನ್ನು ಕೊಟ್ಟು ಮಳೆಯಲ್ಲೇ ಕುಳಿತಿದ್ದ. ಎದುರು ಮನೆಯಲ್ಲಿ ದೀಪ ಉರಿಯುತ್ತಿತ್ತು, ಒಗ್ಗರಣೆಯ ವಾಸನೆ ನಮ್ಮವರೆಗೂ ಬಂತು. ಆಯಿ ಆಗಾಗ ಕೌದಿಯೊಳಗೆ ತಲೆ ಹಾಕಿ ಕೂಸಿನ ಅಂಗಾಲಿಗೆ ತನ್ನ ತುಟಿ ಮುಟ್ಟಿಸಿ ನೋಡುತ್ತಿದ್ದಳು. ಮುಂಜಾನೆ ಮಳೆ ನಿಂತಾಗ ನನ್ನ ಮಗಳ ಅಂಗಾಲು ಬೆಚ್ಚಗಿದ್ದವು. ಮುತ್ಯಾನ ಎದೆ ಗೊರಗೊರ ಎನ್ನುತ್ತಿತ್ತು. ಜಮಖಂಡಿಯ ದವಾಖಾನೆಯಲ್ಲಿ ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು. ವಾರದೊಳಗೆ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಆಯಿಯ ಬಳೆ ಒಡೆದರು, ಕುಂಕುಮ ಒರೆಸಿದರು. ಆಕೆ ಅಳಲಿಲ್ಲ. ನಾನು ಅಳುತ್ತ, ನನ್ನ ಮಗಳಿಂದ ಹೀಗಾಯಿತು ಎಂದೆ. ಆಯಿಗೆ ಸಿಟ್ಟು ಬಂತು. ಕೂಸಿನ ಹೆಸರು ಇದರಲ್ಲಿ ತರಬೇಡ, ಮುದುಕನನ್ನು ತಿಂದದ್ದು ಕೀಲಿ ಎಂದಳು. ಆಮೇಲೆ ಬಹಳ ಹೊತ್ತು ನಾಲಿಗೆಯಿಂದ ಹಲ್ಲಿನ ಕಚ್ಚು ಸವರುತ್ತ ಕುಳಿತಳು.

ನೆರೆ ಇಳಿದ ಮೇಲೆ ಯಾವುದೋ ದೂರದ ಊರಿನ ಹುಡುಗರು ಟೆಂಪೋದಲ್ಲಿ ಬಂದು ಬೆಳ್ಳಿ ಬಣ್ಣದ ಹಾಳೆಗಳನ್ನು ಹಂಚಿ ಹೋದರು. ಮಡಚಿದರೆ ಮುಷ್ಟಿಯೊಳಗೆ ಹಿಡಿಯುವಂಥವು, ಹೊದ್ದರೆ ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುವಂಥವು. ಉಳಿದವರು ಅವನ್ನು ದನಗಳು ಮೇವು ತಿನ್ನುವ ಗ್ವಾದಲಿಗೆ ಹಾಸಿದರು, ಮಕ್ಕಳು ಕಿರೀಟ ಮಾಡಿಕೊಂಡರು. ಆಯಿ ತನ್ನ ಪಾಲಿನದನ್ನು ಮುತ್ಯಾನ ಎರಡು ಧೋತರಗಳ ನಡುವೆ ಇಟ್ಟು ಹೊಸ ಕೌದಿ ಹೊಲಿದಳು. ನಡುವೆ ಸೂಜಿ ಹಾಕಿದರೆ ತೂತು ಬಿದ್ದು ಬಿಸಿ ಸೋರುತ್ತದೆಂದು ಅಂಚಿಗೆ ಮಾತ್ರ ಹೊಲಿಗೆ ಹಾಕಿದಳು. ಯಾರಿಗಾಗಿ ಎಂದು ಕೇಳಿದರೆ ಸೂಜಿಗೆ ಮತ್ತೆ ದಾರ ಪೋಣಿಸಿದಳು.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಮೊದಲ ಮದುವೆಯ ಹಿಂದಿನ ದಿನ ಆಯಿ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಹೋಗಿ ಮಂಗಲ ಕಾರ್ಯಾಲಯದ ಮೆಟ್ಟಿಲ ಮೇಲೆ, ಬಾಗಿಲಿಗೆ ಸರಿಯಾಗಿ ನಡುವೆ ಕುಳಿತಳು. ಬರಿ ಹಣೆ, ಬರಿ ಕೈ, ಬಿಳಿ ಸೀರೆ. ನಮ್ಮ ಕಡೆ ಮದುವೆಯ ಮನೆಯವರು ಗಂಡ ಸತ್ತವಳು ಎದುರಾದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಆಕೆ ದಾಟಿದ ಮೇಲೆ ಹೊರಡುತ್ತಾರೆ. ಇದು ಕೆಟ್ಟ ಪದ್ಧತಿ, ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಆದರೆ ಅಧ್ಯಕ್ಷನಿಗೆ ಇಂಥವುಗಳಲ್ಲಿ ಬಲು ಶ್ರದ್ಧೆ. ಅವನ ಶ್ರದ್ಧೆಯನ್ನೇ ಆಯಿ ತಂದು ಅವನ ಬಾಗಿಲಿಗೆ ಕೂರಿಸಿದಳು.

ಅವನು ಮೊದಲು ನಕ್ಕ, ಆಮೇಲೆ ಬೈದ, ಆಮೇಲೆ ನಾಲ್ಕು ಮಂದಿಯ ಎದುರು ಕೇಳಿದ, ನಿನಗೇನು ಬೇಕು ಎಂದು.

"ಕೀಲಿ ತಗೀರಿ. ಕೀಲಿಕೈ ಹೊಳಿ ಓಣ್ಯಾಗ ಇರ್ಲಿ. ಇಷ್ಟ ದಿನ ನನ್ನಂಥಾಕಿ ಹಣಿ ನೋಡಿ ದಾರಿ ಬದಲಸ್ತಿದ್ರಿ. ಈಗ ಬದಲಸ್ರಿ, ನೋಡ್ತೇನಿ."

ಪೊಲೀಸರನ್ನು ಕರೆಸಿದ. ಅವರು ಬಂದು ನೋಡಿ, ಮೆಟ್ಟಿಲ ಮೇಲೆ ಕುಳಿತ ಮುದುಕಿಯ ಮೇಲೆ ಏನು ಕೇಸು ಹಾಕುವುದು ಎಂದು ಚಹಾ ಕುಡಿದು ಹೋದರು. ತಂಡಿ ತಾನೇ ಎಬ್ಬಿಸಿ ಕಳಿಸುತ್ತದೆ ಎಂದು ಅವನು ಕಾದ. ಆ ವರ್ಷ ಹೊಳೆಯ ಗಾಳಿ ಹಲ್ಲು ಕಟಕಟಿಸುವಂತೆ ಬೀಸುತ್ತಿತ್ತು. ಸಂಜೆಯಾಗುತ್ತಲೇ ಆಳಿನ ಕೈಯಿಂದ ಮೆಟ್ಟಿಲಿಗೆ ನೀರು ಹೊಡೆಸುತ್ತಿದ್ದ, ತೊಳೆಯುವ ನೆಪದಲ್ಲಿ. ಆಯಿ ಎದ್ದು ನಿಂತು, ನೀರು ಹರಿದುಹೋಗುವುದನ್ನು ನೋಡಿ, ರವದಿ ತುಂಬಿದ ಚೀಲ ಹಾಸಿ ಮತ್ತೆ ಅಲ್ಲೇ ಕೂರುತ್ತಿದ್ದಳು. ತಾಡಪತ್ರಿಯನ್ನು ತಲೆಯ ಮೇಲಿಂದ ಗೂಡಿನಂತೆ ಮೈಸುತ್ತ ಇಳಿಬಿಟ್ಟು, ಬೆಳ್ಳಿ ಹಾಳೆಯ ಕೌದಿಯೊಳಗೆ ಕಾಲು ಮಡಚಿಕೊಂಡು ಮಲಗುತ್ತಿದ್ದಳು. ಮಗ್ಗುಲು ಬದಲಿಸಿದಾಗಲೆಲ್ಲ ಒಳಗಿನ ಹಾಳೆ ಚರಚರ ಎನ್ನುತ್ತಿತ್ತು. ಆ ಸಪ್ಪಳ ಎದುರು ಮನೆಯ ಮಲಗುವ ಕೋಣೆಗೆ ಕೇಳುತ್ತದೆಂದು ಗೊತ್ತಾದ ಮೇಲೆ ಆಕೆ ಮಗ್ಗುಲು ಬದಲಿಸುವುದು ಹೆಚ್ಚಾಯಿತು. ಅಧ್ಯಕ್ಷನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿವೆ ಎಂದು ಸುದ್ದಿ ಬಂದಾಗ ನಾನು ಮುಧೋಳದ ಗಂಡನ ಮನೆಯಲ್ಲಿ ಕುಳಿತು ಹೊಟ್ಟೆ ತುಂಬ ನಕ್ಕೆ. ಸುಳ್ಳು ಯಾಕೆ ಹೇಳಲಿ.

ಮದುವೆಗಳು ಒಂದೊಂದಾಗಿ ತೇರದಾಳಕ್ಕೆ, ಬನಹಟ್ಟಿಗೆ ಹೋದವು. ಒಬ್ಬ ಹುಡುಗಿಯ ತಾಯಿ ಬಂದು ಆಯಿಯ ಎದುರು ಕಣ್ಣೀರು ಹಾಕಿದಳು. ಅವರೇನು ಪಾಪ ಮಾಡಿದ್ದರು ಎಂದು ತವರಿಗೆ ಹೋದಾಗ ನಾನೇ ಆಯಿಯನ್ನು ಕೇಳಿದೆ. ಅವರ ಮೇಲೆ ತನಗೆ ಸಿಟ್ಟಿಲ್ಲ, ಹುಡುಗಿಗೆ ಒಂದು ಕೌದಿ ಹೊಲಿದು ಕೊಡುತ್ತೇನೆ, ಆದರೆ ಇಲ್ಲಿಂದ ಏಳುವುದಿಲ್ಲ ಎಂದಳು. ಕೌದಿ ಹೊಲಿದು ಕೊಟ್ಟಳು, ಅದೂ ಆ ಮೆಟ್ಟಿಲ ಮೇಲೆಯೇ ಕುಳಿತು.

ಎಳ್ಳ ಅಮಾಸಿ ಬರುವ ಹೊತ್ತಿಗೆ ಕಮಿಟಿಯವರೇ ಅಧ್ಯಕ್ಷನ ಮೇಲೆ ತಿರುಗಿಬಿದ್ದರು. ಕೀಲಿಕೈ ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಬಂತು. ಅದನ್ನು ಮೊಳೆಗೆ ನೇತುಹಾಕುವುದನ್ನು ಕಣ್ಣಾರೆ ಕಂಡ ಮೇಲೆಯೇ ಆಯಿ ಸುರುಳಿ ಸುತ್ತಿ ಮನೆಗೆ ಬಂದಳು.

ಮುಂದೆ ಇನ್ನೊಮ್ಮೆ ಹೊಳೆ ಏರಿತು. ಆ ಸಂಜೆ ಬಾಗಿಲು ತೆರೆದಿತ್ತು, ಓಣಿಯೆಲ್ಲ ಜಾಜಮಿನ ಮೇಲೆ ಮಲಗಿತು, ಬಾಣಂತಿಯರೂ. ಆಯಿ ಮಾತ್ರ ಹೊರಗೆ, ಗೋಡೆಯ ಮರೆಯಲ್ಲಿ ತನ್ನ ತಾಡಪತ್ರಿ ಕಟ್ಟಿಕೊಂಡಳು. ಅಪ್ಪ ಕರೆದ, ಅವ್ವ ಕೈ ಹಿಡಿದು ಎಳೆದಳು. ಕೊನೆಗೆ ಅಧ್ಯಕ್ಷನೇ ಬಂದು, ಊರ ಮಂದಿ ನೋಡುವಂತೆ ಒಳಗೆ ಬರಬೇಕೆಂದು ಬೇಡಿಕೊಂಡ. ಆಯಿ ಅವನಿಗೆ ಬೆನ್ನು ತಿರುಗಿಸಿದಳು. ಅವ್ವನಿಗೆ ಹೇಳಿದಳು.

"ನಾ ಒಳಗ ಮಲಗಿದ್ರ ಆತನ್ನ ಮಾಫ್ ಮಾಡಿದಂಗ ಆಕ್ಕೈತಿ. ನೀವು ಮಲಕೋರಿ."

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮೈಯೆಲ್ಲ ಬೆಚ್ಚಗೆ, ಹಲ್ಲುಜ್ಜುತ್ತ ನಿಂತಿದ್ದಳಂತೆ.

ಕಳೆದ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು, ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ. ಆಕೆ ಹೋಗುವ ಮುಂಚೆ ನಾನು ಮಗಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆಯಿ ಅವಳ ಕಾಲನ್ನು ಹತ್ತಿರ ಎಳೆದುಕೊಂಡು ಅಂಗಾಲು ಸವರಿದಳು. ಇನ್ನಾದರೂ ಮನಸ್ಸು ಹಗುರ ಮಾಡಿಕೊ, ಅವನನ್ನು ಬಿಟ್ಟುಬಿಡು ಎಂದು ಅವ್ವ ಹೇಳಿದಳು. ಬಿಟ್ಟಿಲ್ಲ, ಬಿಡುವುದೂ ಇಲ್ಲ ಎಂದಳು ಆಯಿ. ದನಿಯಲ್ಲಿ ಶಕ್ತಿ ಇರಲಿಲ್ಲ, ಆದರೆ ಮಾತು ಸ್ಪಷ್ಟವಿತ್ತು.

ಊರವರು ಮಂಗಲ ಕಾರ್ಯಾಲಯದಲ್ಲೇ ಶ್ರದ್ಧಾಂಜಲಿ ಸಭೆ ಇಟ್ಟರು. ಆಯಿಯ ಫೋಟೋಕ್ಕೆ ಮೊದಲ ಹಾರ ಹಾಕಿದವನು ಅವನೇ. ಮೈಕ್ ಹಿಡಿದು, ಆಕೆ ತಾಯಿಯಂಥವಳು, ಹಳೆಯದನ್ನೆಲ್ಲ ಮರೆತಿದ್ದಳು, ನನ್ನನ್ನು ಕ್ಷಮಿಸಿ ಹೋದಳು ಎಂದ. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಮಂದಿ ತಲೆ ಆಡಿಸುತ್ತಿದ್ದರು.

ನನಗೆ ತಡೆಯಲು ಆಗಲಿಲ್ಲ. ಆಯಿಗೆ ನಾನು ಕೊಡಬೇಕಾದದ್ದು ಒಂದು ಜೀವದಷ್ಟಿತ್ತು, ಆಕೆ ಬದುಕಿದ್ದಾಗ ಒಂದು ಸೀರೆಯನ್ನೂ ಹಟ ಮಾಡದೆ ತೆಗೆದುಕೊಂಡವಳಲ್ಲ. ಎದ್ದು ಹೋಗಿ ಅವನ ಕೈಯಿಂದ ಮೈಕ್ ತೆಗೆದುಕೊಂಡೆ.

"ಆಯಿ ಇವರನ್ನ ಕ್ಷಮಿಸಿಲ್ಲ. ನಾನು ಆಕಿ ಬಾಯಿಂದನ ಕೇಳೀನಿ. ನಾನೂ ಕ್ಷಮಿಸಿಲ್ಲ."

ಸತ್ತವರ ಮುಂದೆ ಹೀಗೆ ಮಾತಾಡಬಾರದಿತ್ತು ಎಂದು ಆಮೇಲೆ ಕೆಲವರು ನನಗೆ ಬುದ್ಧಿ ಹೇಳಿದರು.  ಅಧ್ಯಕ್ಷ ಆಗ ನನ್ನನ್ನು ನೋಡಿದ, ಮುಂದಿನ ಸಾಲಿನ ತನ್ನ ಕುರ್ಚಿಯನ್ನು ನೋಡಿದ, ಆಮೇಲೆ ನಡುವಿನ ದಾರಿಯಲ್ಲಿ ಹೊರಗೆ ನಡೆದ. ಅಷ್ಟು ಮಂದಿಯಲ್ಲಿ ಒಬ್ಬರೂ ಅವನಿಗೆ ಕೂಡ್ರಿ ಅನ್ನಲಿಲ್ಲ.