ಕಾಕಾ ಕೇಳಿದ ಒಂದು ತಾಸು

ಆ ವಾರ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇರುತ್ತಿತ್ತೋ, ಪಕ್ಕದ ಮನೆಯ ಕಾಕಾನ ಕಿವಿಯಲ್ಲಿ ಆ ಬಣ್ಣದ ನೂಲಿನ ಉಂಡೆ. ಒಂದು ವಾರ ಹಸಿರು, ಇನ್ನೊಂದು ವಾರ ಕೆಂಪು. ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮಿನ ಸದ್ದಿಗೆ ಬೇರೆ ಯಾರೂ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. "ಕಿವಿ ಉಳಸ್ಕೋಬೇಕವ್ವಾ, ಕೇಳೂದು ಇನ್ನಾ ಭಾಳ ಐತಿ" ಎನ್ನುತ್ತಿದ್ದರು ಕಾಕಾ.

ಅವರಿಗೆ ಹಾಡಿನ ಹುಚ್ಚು. ಸೀರೆ ಮಾರಲು ಸೊಲ್ಲಾಪುರ, ಸೂರತ್, ಕಲ್ಕತ್ತಕ್ಕೆ ಹೋಗುವ ವ್ಯಾಪಾರಿಗಳಿಗೆಲ್ಲ "ಬರೂವಾಗ ಅಲ್ಲಿ ಮಂದಿ ಹಾಡೂದು ತರ್ರಿ" ಎಂದು ಗಂಟು ಬೀಳುತ್ತಿದ್ದರು. ಮೊದಲು ಕ್ಯಾಸೆಟ್ಟು, ಆಮೇಲೆ ಮೆಮೊರಿ ಕಾರ್ಡು, ಕಡೆಗೆ ಮೊಬೈಲು. ಬಂಗಾಳದ ಅಂಬಿಗರು, ರಾಜಸ್ಥಾನದ ಒಂಟೆ ಕಾಯುವವರು, ಗೋವೆಯ ಮೀನುಗಾರರು ಎಲ್ಲರೂ ಅವರ ಹತ್ತಿರ ಇದ್ದರು. ಅವರ ಒಂದು ಭಾಷೆಯೂ ಕಾಕಾನಿಗೆ ಬರುತ್ತಿರಲಿಲ್ಲ. ಸ್ವತಃ ಅವರು ಜಮಖಂಡಿ ದಾಟಿದ್ದೇ ಅಪರೂಪ. ಮಗ್ಗ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ನಾನು ಮುಧೋಳದಿಂದ ಸೊಸೆಯಾಗಿ ಬಂದ ಹೊಸತು. ಕೆಳಗೆ ನಾಲ್ಕು ಮಗ್ಗ, ಮೇಲೆ ನಾವು. ಬೆಳಗಾದರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು, ಮಾತಾಡಬೇಕೆಂದರೆ ಕೈಸನ್ನೆ. ಬಾವಿಗೆ ಬಿದ್ದ ಹಾಗಾಗಿತ್ತು. ಹಿತ್ತಲಲ್ಲಿ ಕೂತು ಅಳುವುದನ್ನು ಕಾಕಾ ಗೋಡೆಯಾಚೆಯಿಂದ ನೋಡಿದ್ದರೆಂದು ಕಾಣುತ್ತದೆ. ಮರುದಿನ ಒಂದು ಮೆಮೊರಿ ಕಾರ್ಡು ಚಾಚಿದರು.

"ಇದರಾಗ ಅಸ್ಸಾಮದ ಹೆಣ್ಮಗಳೊಬ್ಬಾಕಿ ಹಾಡ್ಯಾಳ. ಏನಂತಾಳೋ ನನಗ ಗೊತ್ತಿಲ್ಲ. ನಿನಗ ತಿಳೀತೈತಿ ನೋಡು."

ತಿಳಿಯಿತು. ಅವಳೂ ತವರು ಬಿಟ್ಟು ಬಂದವಳೇ ಇರಬೇಕು. ಅಂದಿನಿಂದ ವಾರಕ್ಕೊಂದು ಹಾಡು ಗೋಡೆ ದಾಟಿ ಬಂತು. ಆ ಮನೆಯಲ್ಲಿ ನಾನು ತಲೆ ಕೆಡದೆ ಉಳಿದಿದ್ದರೆ ಅದು ಕಾಕಾನಿಂದ.

ದೇಶದ ಹಾಡೆಲ್ಲ ಕೂಡಿಸಿದ ಅವರ ಬಳಿ ಇಲ್ಲದ್ದು ಒಂದೇ, ತಮ್ಮ ಅವ್ವನ ತೊಟ್ಟಿಲ ಪದ. ಅದು ಬರುತ್ತಿದ್ದುದು ಬೀಳಗಿಯಲ್ಲಿದ್ದ ಅವರ ಅಕ್ಕನಿಗೆ ಮಾತ್ರ. ತೀರ ಹಣ್ಣಾಗಿದ್ದ ಆ ಮುದುಕಿ ಒಮ್ಮೆ ಒಂದು ದಿನದ ಮಟ್ಟಿಗೆ ಬಂದರು. ಕಾಕಾನ ಮನೆಗೆ ಗೋಡೆ ಹತ್ತಿದ್ದು ನಮ್ಮ ಮಗ್ಗಗಳೊಂದೇ. ಅವರು ತಮ್ಮ ಎರಡೂ ಮಗ್ಗ ನಿಲ್ಲಿಸಿ ನಮ್ಮ ಬಾಗಿಲಿಗೆ ಬಂದು, ಸದ್ದಿನ ಮೇಲೆ ಕೂಗಿ ಮಾವನವರನ್ನು ಕೇಳಿದರು.

"ಅಣ್ಣಾ, ಒಂದ್ ತಾಸು ಮಗ್ಗ ಬಂದ್ ಇಡ್ರಿ. ಅಕ್ಕನ ಹಾಡು ಮೊಬೈಲಿನ್ಯಾಗ ತುಂಬ್ಕೋಬೇಕು. ಸಂಜಿ ಬಸ್ಸಿಗೆ ಹೊಂಟಾಳ."

"ನಾಳಿ ಮಾಲು ಕಳಸೂದೈತಿ. ಹಾಡು ಕೇಳಿದ್ರ ಹೊಟ್ಟಿ ತುಂಬತೈತೇನು?" ಎಂದರು ಮಾವ.

ಕಾಕಾ ನನ್ನ ಕಡೆ ನೋಡಿದರು. ಮೇನ್ ಸ್ವಿಚ್ಚು ನನ್ನ ಭುಜದ ಪಕ್ಕದಲ್ಲೇ ಇತ್ತು. ಮಾವ ಆಚೆ ಹೋದಾಗ ಆರಿಸಿ, ಫ್ಯೂಜು ಹೋಯಿತೆಂದಿದ್ದರೆ ಮುಗಿಯುತ್ತಿತ್ತು. ವಾರಕ್ಕೆರಡು ಸಲ ಹೋಗುವುದೇ ತಾನೆ. ಕೈ ಏಳಲಿಲ್ಲ. ಹೆದರಿದೆ. ತಲೆ ತಗ್ಗಿಸಿ ನೂಲು ಸುತ್ತುತ್ತ ಕೂತೆ.

ಮುದುಕಿ ಹಾಡಿದರು, ಹೋದರು, ಎರಡು ತಿಂಗಳಿಗೆ ತೀರಿಕೊಂಡರು. ಕಾಕಾ ಆ ಹಾಡನ್ನೂ ನನಗೆ ಕಳಿಸಿದ್ದರು. ಪೂರ್ತಿ ನಮ್ಮ ಮಗ್ಗಗಳ ಖಟಖಟ. ನಡುವೆ ಎಲ್ಲೋ ಒಂದು "ಜೋ". ನಾನು ಮುಖ ತೋರಿಸಲಾರದೆ ನಿಂತರೆ ಅವರೇ ಸಮಾಧಾನ ಹೇಳಿದರು.

"ಬಿಡಬೇ ಯವ್ವಾ. ನಾ ಕೂಸಿದ್ದಾಗೂ ಮಗ್ಗದ ಸಪ್ಪಳದಾಗ ಮಲಗಿದಾಂವ."

ಬೈದುಬಿಟ್ಟಿದ್ದರೆ ಹಗುರಾಗುತ್ತಿತ್ತು.

ಹೋದ ವರ್ಷ ಕಾಕಾ ತೀರಿಕೊಂಡರು. ಓಣಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ನಮ್ಮಲ್ಲಿ ಯಾರೂ ಮಗ್ಗ ನಡೆಸುವುದಿಲ್ಲ. ಯಾರೂ ಹೇಳದೆ ಮಾವನವರೇ ಎದ್ದು ಹೋಗಿ ಸ್ವಿಚ್ಚು ಆರಿಸಿದರು. ಒಂದೊಂದೇ ಮನೆಯ ಮಗ್ಗ ನಿಂತಿತು. ಕಾಕಾ ಕೇಳಿದ್ದು ಒಂದು ತಾಸು. ಓಣಿ ಮೂರು ತಾಸು ಸುಮ್ಮನಿತ್ತು. ಹಾಡುವವರೂ ಇರಲಿಲ್ಲ, ತುಂಬಿಕೊಳ್ಳುವವರೂ ಇರಲಿಲ್ಲ.